ನೀರು ಹೋಗುವ ದಾರಿ ತಿಳಿಯದೆ ಲೈನರ್ ಕೊಳ್ಳಬೇಡಿ

ಪ್ರಶ್ನೆ: ನಾವು ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೇವೆ. ಕೊಂಡ ಮನೆಯ ಹಿತ್ತಲಿನಲ್ಲಿ ನೆಲದ ಮೇಲೆ ನಿಲ್ಲಿಸಿದ 24 ಅಡಿ ವ್ಯಾಸದ ಈಜುಕೊಳವಿದೆ. ಉಕ್ಕಿನ ಗೋಡೆ, ಒಳಗೆ ವಿನೈಲ್ ಲೈನರ್, ಅಂದರೆ ನೀರು ಹಿಡಿದಿಡುವ ಪ್ಲಾಸ್ಟಿಕ್ ಹಾಸು. ಈ ಬೇಸಿಗೆಯಲ್ಲಿ ದಿನಕ್ಕೆ ಒಂದು ಇಂಚಿನಷ್ಟು ನೀರು ಇಳಿಯುತ್ತಿದೆ. ನೋಡಲು ಬಂದವರು ಲೈನರ್ ಪೂರ್ತಿ ಬದಲಿಸಬೇಕು ಎಂದರು. ನೀರೆಲ್ಲ ಖಾಲಿ ಮಾಡಿ ತೂತು ಹುಡುಕೋಣ ಎನ್ನುತ್ತಾರೆ ನಮ್ಮ ಯಜಮಾನರು. ಯಾವುದು ಸರಿ?

ಉತ್ತರ: ಎರಡೂ ಅಲ್ಲ. ಮೊದಲು ನಿಮ್ಮ ಯಜಮಾನರನ್ನು ತಡೆಯಿರಿ. ಹಳೆಯ ವಿನೈಲ್ ನೀರಿನ ಭಾರಕ್ಕೆ ಹಿಗ್ಗಿ ಕುಳಿತಿರುತ್ತದೆ. ನೀರು ತೆಗೆದು ಬಿಸಿಲಿಗೆ ಬಿಟ್ಟರೆ ಕುಗ್ಗಿ ಬಿರುಸಾಗುತ್ತದೆ. ಮತ್ತೆ ತುಂಬಿಸುವಾಗ ಸ್ಕಿಮ್ಮರ್‌ನ (ತೇಲುವ ಕಸವನ್ನು ಒಳಗೆಳೆಯುವ, ಗೋಡೆಯಲ್ಲಿನ ಬಾಯಿ) ಮೂಲೆಯಲ್ಲೋ ತಳದ ಬೆಸುಗೆಯಲ್ಲೋ ಸೀಳುತ್ತದೆ. ಗೋಡೆಯ ಪಾಡೂ ಅಷ್ಟೆ. ಆ ತೆಳು ತಗಡನ್ನು ಬಿಗಿಯಾಗಿ ಹಿಡಿದಿರುವುದು ಒಳಗಿನ ನೀರು. ಖಾಲಿ ಕೊಳದ ಗೋಡೆ ಜೋರು ಗಾಳಿಗೆ ಮಡಚಿಕೊಂಡು ಬೀಳುವುದುಂಟು. ಸೈಕಲ್ ಟ್ಯೂಬಿನ ಪಂಕ್ಚರ್ ಹುಡುಕಲು ನೀರು ಬೇಕಾಗುವಂತೆ ಇಲ್ಲಿಯೂ ನೀರು ಇರುವಾಗಲೇ ಹುಡುಕಬೇಕು.

ಬೇಸಿಗೆಯಲ್ಲಿ ದಿನಕ್ಕೆ ಕಾಲು ಇಂಚಿನಷ್ಟು ನೀರು ಆವಿಯಾಗುವುದು ಸಹಜ. ಅನುಮಾನ ತೀರಬೇಕಾದರೆ ಒಂದು ಬಕೆಟ್ಟಿಗೆ ಕೊಳದ್ದೇ ನೀರು ತುಂಬಿ, ಏಣಿಯ ಮೆಟ್ಟಿಲ ಮೇಲೆ ಅರ್ಧ ಮುಳುಗುವಂತೆ ಇಡಿ. ಬಕೆಟ್ಟಿನ ಒಳಗಿನ ಮಟ್ಟಕ್ಕೂ ಕೊಳದ ಮಟ್ಟಕ್ಕೂ ಗುರುತು ಹಾಕಿ, ಮಳೆಯಿಲ್ಲದ ಒಂದು ಪೂರ್ತಿ ದಿನ ಬಿಡಿ. ಎರಡೂ ಸಮನಾಗಿ ಇಳಿದರೆ ಅದು ಬಿಸಿಲಿನ ಕೆಲಸ. ಕೊಳ ಹೆಚ್ಚು ಇಳಿದಿದ್ದರೆ ಸೋರಿಕೆ. ಪಂಪ್ ಓಡುತ್ತಿರುವಾಗ ಒಮ್ಮೆ, ನಿಲ್ಲಿಸಿ ಇನ್ನೊಮ್ಮೆ ಹೀಗೆ ನೋಡಿ. ಓಡುವಾಗ ಮಾತ್ರ ಹೆಚ್ಚು ಇಳಿದರೆ ಲೈನರ್ ಬಿಟ್ಟು ಪಂಪಿನಿಂದ ಕೊಳಕ್ಕೆ ನೀರು ಮರಳುವ ಪೈಪು, ಫಿಲ್ಟರ್, ಕ್ಲಾಂಪುಗಳನ್ನು ತಡವಿ ನೋಡಿ. ಒಂದು ಹನಿ ತೊಟ್ಟಿಕ್ಕುವುದು ಅಲ್ಲೇ ಕಾಣಬಹುದು.

ನನ್ನ ಮೊದಲ ಅನುಮಾನ ಸ್ಕಿಮ್ಮರ್ ಮೇಲೆ. ಲೈನರ್ ಕತ್ತರಿಸಿ ಕೂರಿಸಿದ ಜಾಗ ಅದು. ಗ್ಯಾಸ್ಕೆಟ್ (ಸೋರದಂತೆ ತಡೆಯುವ ರಬ್ಬರ್ ಪಟ್ಟಿ) ಒಣಗಿ ಬಿರಿದಿರುತ್ತದೆ, ಇಲ್ಲವೇ ಮುಖಪಟ್ಟಿಯ ಸ್ಕ್ರೂ ಸಡಿಲವಾಗಿರುತ್ತದೆ. ಪಂಪ್ ನಿಲ್ಲಿಸಿ ನೀರು ತಾನಾಗಿ ಇಳಿಯಲು ಬಿಡಿ. ಸ್ಕಿಮ್ಮರ್ ಬಾಯಿಯ ಕೆಳಗೆ ಬಂದು ನಿಂತರೆ ಕಳ್ಳ ಸಿಕ್ಕಿದಂತೆ. ಹೊಸ ಗ್ಯಾಸ್ಕೆಟ್‌ಗೆ ಆಗುವ ಖರ್ಚು ಹೊಸ ಲೈನರಿನ ಒಂದು ಸಣ್ಣ ಪಾಲು. ನೀರು ಮರಳುವ ಬಾಯಿಯ ಹತ್ತಿರ ನಿಂತರೆ ಅಲ್ಲಿನ ಗ್ಯಾಸ್ಕೆಟ್ ನೋಡಿ. ಅದರ ಕೆಳಗೂ ಇಳಿಯುತ್ತಲೇ ಹೋದರೆ ಮಾತ್ರ ಲೈನರ್. ಅರ್ಧಕ್ಕಿಂತ ಕೆಳಗೆ ಹೋಗಗೊಡದೆ ಮತ್ತೆ ತುಂಬಿಸಿ.

ಈಗ ಈಜುವ ಕನ್ನಡಕ ತೊಟ್ಟು ನೀರಿಗಿಳಿಯಿರಿ. ನೀರು ಅಲುಗದಿರಲಿ. ಡ್ರಾಪರ್‌ನಲ್ಲಿ ಅಡುಗೆಯ ಕೆಂಪು ಬಣ್ಣ ತುಂಬಿ, ಅನುಮಾನ ಬಂದ ಜಾಗದ ಪಕ್ಕದಲ್ಲಿ ಒಂದೇ ಹನಿ ಬಿಡಿ. ತೂತಿಲ್ಲದಿದ್ದರೆ ಬಣ್ಣ ಮೋಡದಂತೆ ಹರಡಿ ತೇಲುತ್ತದೆ. ಇದ್ದರೆ ಸಣ್ಣ ದಾರವಾಗಿ ಎಳೆದುಕೊಂಡು ಒಳಗೆ ಹೋಗಿಬಿಡುತ್ತದೆ. ತಳದ ಸುಕ್ಕುಗಳನ್ನೂ, ಗೋಡೆ ತಳವನ್ನು ಸೇರುವ ಅಂಚನ್ನೂ ಬಿಡಬೇಡಿ. ಹೊರಗಡೆ ಬರಿಗಾಲಿನಲ್ಲಿ ಒಂದು ಸುತ್ತು ಬನ್ನಿ. ಮಣ್ಣು ಮೆತ್ತಗಾಗಿರುವ ಕಡೆಯಿಂದ ಹುಡುಕಾಟ ಆರಂಭಿಸಿದರೆ ಅರ್ಧ ಕೆಲಸ ಉಳಿಯುತ್ತದೆ.

ಸಣ್ಣ ತೂತಿಗೆ ನೀರೊಳಗೇ ತೇಪೆ ಹಾಕಬಹುದು. ಆ ಜಾಗದ ಪಾಚಿಯನ್ನು ಉಜ್ಜಿ ತೆಗೆಯಿರಿ. ವಿನೈಲ್ ತುಂಡನ್ನು ತೂತಿಗಿಂತ ಸುತ್ತಲೂ ಎರಡು ಇಂಚು ದೊಡ್ಡದಾಗಿ, ದುಂಡಗೆ ಕತ್ತರಿಸಿ. ಮೂಲೆ ಇದ್ದರೆ ಅಲ್ಲಿಂದಲೇ ಏಳುತ್ತದೆ. ನೀರಿನಲ್ಲಿ ಹಿಡಿಯುವ ವಿನೈಲ್ ಅಂಟು ಹಚ್ಚಿ, ಅಂಟಿನ ಮುಖ ಒಳಗಾಗುವಂತೆ ಮಡಚಿ ಕೆಳಗೆ ಒಯ್ದು, ಅಲ್ಲಿ ಬಿಡಿಸಿ ಒತ್ತಿ. ಅಂಗೈಯನ್ನು ನಡುವಿನಿಂದ ಅಂಚಿಗೆ ಸರಿಸುತ್ತ ನೀರಿನ ಗುಳ್ಳೆ ಹೊರಡಿಸಿ. ತಳದಲ್ಲಾದರೆ ಮೆತ್ತನೆಯ ಮರಳಿನ ಚೀಲವೊಂದನ್ನು ಒಂದು ದಿನ ಮೇಲಿಡಿ. ಬೆಸುಗೆಯೇ ಬಿಟ್ಟಿದ್ದರೆ, ಇಲ್ಲವೇ ನೀರಿನ ಮಟ್ಟದ ಮೇಲಿನ ವಿನೈಲ್ ಬೆರಳು ಒತ್ತಿದರೆ ಬಿರಿಯುವಂತಿದ್ದರೆ ತೇಪೆಗೆ ಅರ್ಥವಿಲ್ಲ. ಆಗ ಹೊಸ ಲೈನರೇ ಸರಿ.

ಏನೇ ಆದರೂ ತಡಮಾಡಬೇಡಿ. ನಿಮ್ಮ ಅಳತೆಯ ಕೊಳದಲ್ಲಿ ಒಂದು ಇಂಚು ಎಂದರೆ ಸಾವಿರ ಲೀಟರಿಗೂ ಮೇಲೆ. ಅದರ ಬಹುಪಾಲು ತಳದ ಮರಳನ್ನು ಕೊಚ್ಚುತ್ತ, ಉಕ್ಕಿನ ಗೋಡೆಗೆ ಹಿಂದಿನಿಂದ ತುಕ್ಕು ಹಿಡಿಸುತ್ತ ಹೋಗುತ್ತಿರಬಹುದು. ಗೋಡೆಯ ಬುಡದಲ್ಲಿ ತುಕ್ಕಿನ ಉಬ್ಬು ಕಂಡರೆ ಮಕ್ಕಳನ್ನು ಇಳಿಸಬೇಡಿ. ಲೈನರ್ ಬದಲಿಸುವ ಕಾಲ ಬಂದಾಗ ಕೆಳಗಿನ ಮಣ್ಣನ್ನೂ ನೋಡಿ. ನಮ್ಮ ಹೊಲಗಳ ಕೊನ್ನಾರಿಯ ನಂಟಿನ ಹುಲ್ಲೊಂದು ಅಲ್ಲಿಯೂ ಬೆಳೆಯುತ್ತದೆ. ಅದರ ಚೂಪು ಮೊಳಕೆ ವಿನೈಲನ್ನು ತೂರಿ ಮೇಲೆ ಬರುತ್ತದೆ. ಗಡ್ಡೆ ಸಮೇತ ಕಿತ್ತ ಮೇಲೆಯೇ ಹೊಸದನ್ನು ಹಾಸಿ.

ಪ್ರಶ್ನೆ: ಮೈಸೂರಿನ ನಮ್ಮ ಮನೆಯ ತಾರಸಿಯಲ್ಲಿ ಮಕ್ಕಳಿಗಾಗಿ 10 ಅಡಿ ಅಗಲದ ಗಾಳಿ ತುಂಬುವ ಕೊಳ ಇಟ್ಟಿದ್ದೇವೆ. ಮೇಲಿನ ಉಂಗುರದ ಗಾಳಿ ರಾತ್ರಿಯೊಳಗೆ ಇಳಿದು ನೀರು ಚೆಲ್ಲುತ್ತದೆ. ಹೇಗೆ ಸರಿಪಡಿಸುವುದು?

ಉತ್ತರ: ಉಂಗುರಕ್ಕೆ ಸೋಪಿನ ನೊರೆ ಸವರಿ, ಗುಳ್ಳೆ ಏಳುವ ಕಡೆ ಒಣಗಿಸಿ ತೇಪೆ ಹಾಕಿ. ಹೆಚ್ಚಿನ ಸಲ ಗಾಳಿ ಹೋಗುವುದು ವಾಲ್ವಿನ ಮುಚ್ಚಳದಿಂದ. ಅದು ಹತ್ತು ನಿಮಿಷದ ಕೆಲಸ.

ನನಗೆ ಚಿಂತೆಯಾಗಿರುವುದು ನಿಮ್ಮ ತಾರಸಿ. ಎರಡು ಅಡಿ ನೀರು ನಿಂತರೆ ಪ್ರತಿ ಚದರ ಮೀಟರಿಗೆ 600 ಕಿಲೋ ಭಾರ ಬೀಳುತ್ತದೆ. ಜನ ಓಡಾಡುವ ತಾರಸಿಗೆ ಭಾರತೀಯ ಮಾನಕ ಲೆಕ್ಕ ಹಿಡಿಯುವುದು ಸುಮಾರು 150 ಕಿಲೋ. ಮನೆ ಕಟ್ಟುವಾಗ ಎಂಜಿನಿಯರ್ ಕೊಳದ ಭಾರವನ್ನು ಲೆಕ್ಕ ಹಾಕಿಯೇ ಸ್ಲ್ಯಾಬ್ ಹಾಕಿದ್ದರೆ ಮಾತು ಬೇರೆ. ಇಲ್ಲದಿದ್ದರೆ ಇಂದೇ ನೀರು ಬಿಟ್ಟು, ಕೊಳವನ್ನು ಅಂಗಳಕ್ಕೆ ಇಳಿಸಿ, ಕೆಳಗೆ ಕಲ್ಲು ಆರಿಸಿ ಸಮತಟ್ಟು ಮಾಡಿ ದಪ್ಪ ಟಾರ್ಪಾಲು ಹಾಸಿ. ತಾರಸಿಯ ಕೆಳಗಿನ ಕೋಣೆಯ ಸೀಲಿಂಗಿನಲ್ಲಿ ಹೊಸ ಬಿರುಕು ಅಥವಾ ತೇವದ ಕಲೆ ಇದೆಯೇ ಎಂದು ಟಾರ್ಚ್ ಹಾಕಿ ನೋಡಿ. ಕಂಡರೆ ಎಂಜಿನಿಯರನ್ನು ಕರೆಸಿ.