ನಲ್ಲಿಯೇ ಇಲ್ಲದ ಜಮೀನಿಗೆ ನೀರಿನ ಬಿಲ್ಲು

ಓದುಗರ ಪತ್ರ: ಕ್ಯಾಲಿಫೋರ್ನಿಯಾದ ಸೆಂಟ್ರಲ್ ವ್ಯಾಲಿಯಲ್ಲಿ ಎರಡೆಕರೆ ಖಾಲಿ ಜಮೀನು ಕೊಂಡಿದ್ದೇವೆ. ನಲ್ಲಿ ಇಲ್ಲ, ಮೀಟರ್ ಇಲ್ಲ. ಆದರೂ ಆಸ್ತಿ ತೆರಿಗೆ ಬಿಲ್ಲಿನಲ್ಲಿ ಅಲ್ಲಿನ ವಾಟರ್ ಡಿಸ್ಟ್ರಿಕ್ಟ್ (ನೀರು ಪೂರೈಸುವ ಸ್ಥಳೀಯ ಸರ್ಕಾರಿ ಸಂಸ್ಥೆ) 'ಸ್ಟ್ಯಾಂಡ್‌ಬೈ ಚಾರ್ಜ್' ಹಾಕಿದೆ. ಇವರಿಗೆ ಲಂಗುಲಗಾಮು ಇಲ್ವಾ?

ಸಂಪಾದಕರ ಉತ್ತರ: ಇದೆ, ಸಾಕಷ್ಟು ಬಿಗಿಯಾಗಿಯೇ ಇದೆ. ಆ ದುಡ್ಡು ನೀರಿನ ಬೆಲೆ ಅಂದುಕೊಳ್ಳಬೇಡಿ. ಮುಂದೊಂದು ದಿನ ನೀವು ಕೇಳಿದಾಗ ನೀರು ಕೊಡಲು ಪೈಪು, ಕಾಲುವೆ ಸಿದ್ಧ ಇಟ್ಟಿರುವುದಕ್ಕೆ ಬಾಡಿಗೆ ಇದ್ದ ಹಾಗೆ. ಬೆಂಗಳೂರಿನಲ್ಲಿ ಬೆಟರ್‌ಮೆಂಟ್ ಚಾರ್ಜು ಕಟ್ಟಿ ರಸ್ತೆಗೆ ಕಾದವರಿಗೆ ಈ ಸಂಕಟ ಗೊತ್ತಿರುತ್ತದೆ.

1996ರ ನವೆಂಬರಿನಲ್ಲಿ ಅಲ್ಲಿನ ಮತದಾರರು ಪ್ರೊಪೊಸಿಷನ್ 218 ಎಂಬ, ಜನರ ಮತಕ್ಕಿಟ್ಟ ಪ್ರಸ್ತಾವವನ್ನು ಗೆಲ್ಲಿಸಿ ರಾಜ್ಯದ ಸಂವಿಧಾನಕ್ಕೇ ಸೇರಿಸಿದರು. ಅದರ ಪ್ರಕಾರ ಸ್ಟ್ಯಾಂಡ್‌ಬೈ ಚಾರ್ಜನ್ನು ಏನೆಂದು ಕರೆದರೂ ಅದು 'ಅಸೆಸ್‌ಮೆಂಟ್', ಅಂದರೆ ಜಮೀನಿಗೆ ಆಗುವ ವಿಶೇಷ ಲಾಭಕ್ಕಾಗಿ ಆ ಜಮೀನಿನ ಮೇಲೇ ಹಾಕುವ ಶುಲ್ಕ. ಹಾಗಾಗಿ ಎಂಜಿನಿಯರ್ ವರದಿ ಬೇಕು. ನಿಮ್ಮ ಜಮೀನಿಗೇ ವಿಶೇಷವಾಗಿ ಏನು ಲಾಭ ಅಂತ ಅದರಲ್ಲಿ ತೋರಿಸಬೇಕು. ಆ ಪಾಲಿಗಿಂತ ಜಾಸ್ತಿ ವಸೂಲಿ ಮಾಡುವಂತಿಲ್ಲ. 'ಒಟ್ಟಾರೆ ನಿಮ್ಮ ಜಾಗದ ರೇಟು ಏರುತ್ತಲ್ಲ ಸ್ವಾಮಿ' ಅನ್ನುವ ವಾದ ನಡೆಯುವುದಿಲ್ಲ. ಕೋರ್ಟಿಗೆ ಹೋದರೆ ಸಾಬೀತು ಮಾಡುವ ಹೊಣೆಯೂ ಡಿಸ್ಟ್ರಿಕ್ಟಿನದೇ.

ಇಂಥ ಚಾರ್ಜು ಹಾಕುವ ಮೊದಲು ಜಮೀನುದಾರರ ಮತವನ್ನೂ ಕೇಳಬೇಕು. ನನಗೆ ಕುತೂಹಲ ಅನಿಸಿದ್ದು ಆ ಮತಪತ್ರದ ಲೆಕ್ಕ. ಡಿಸ್ಟ್ರಿಕ್ಟ್ ನಡೆಸುವ ಸಾರ್ವಜನಿಕ ವಿಚಾರಣೆಗೆ ಕನಿಷ್ಠ 45 ದಿನ ಮೊದಲು ಅಂಚೆಯಲ್ಲಿ ನೋಟಿಸಿನ ಜೊತೆ ಮತಪತ್ರ ಬರಬೇಕು. ಇಲ್ಲಿ ತಲೆ ಎಣಿಸುವುದಿಲ್ಲ. 1000 ಡಾಲರ್ ಕಟ್ಟಬೇಕಾದವರ ಮತ 10 ಡಾಲರ್ ಕಟ್ಟುವವರ ಮತಕ್ಕಿಂತ ನೂರು ಪಟ್ಟು ತೂಗುತ್ತದೆ. ವಾಪಸ್ ಬಂದ ಮತಗಳಲ್ಲಿ ವಿರೋಧದ ತೂಕ ಜಾಸ್ತಿಯಾದರೆ ಚಾರ್ಜು ಬಿದ್ದುಹೋಯಿತು. ಡ್ರಾಯರಿನಲ್ಲೇ ಉಳಿದ ಮತಪತ್ರ ಲೆಕ್ಕಕ್ಕಿಲ್ಲ. ಮೀಟರಿನ ನೀರಿನ ದರ ಏರಿಸುವಾಗ ಆಟವೇ ಬೇರೆ. ಅದನ್ನು ತಡೆಯಬೇಕಾದರೆ ಅರ್ಧಕ್ಕಿಂತ ಜಾಸ್ತಿ ಆಸ್ತಿಗಳಿಂದ 'ಬೇಡ' ಅಂತ ಬರವಣಿಗೆಯಲ್ಲಿ ಬರಬೇಕು. ಸುಮ್ನೆ ಕೂತವರೆಲ್ಲ ಒಪ್ಪಿದ ಹಾಗೇ!

ಈಗ ಕಹಿ ಸುದ್ದಿ. 218 ಬರುವ ಮೊದಲೇ ಇದ್ದು, ಬರೀ ನೀರಿನ ವ್ಯವಸ್ಥೆಗೇ ಬಳಸುವ ಅಸೆಸ್‌ಮೆಂಟಿಗೆ ವಿನಾಯಿತಿ ಇದೆ. ಸೆಂಟ್ರಲ್ ವ್ಯಾಲಿಯದೇ ಆದ ಚೌಚಿಲ್ಲಾ ವಾಟರ್ ಡಿಸ್ಟ್ರಿಕ್ಟಿನ ವಿರುದ್ಧ ಕೋರ್ಟಿಗೆ ಹೋದ ಜಮೀನುದಾರರು 2000ರಲ್ಲಿ ಸೋತದ್ದು ಇದೇ ಕಾರಣಕ್ಕೆ. ಅಂಥ ಹಳೇ ಚಾರ್ಜನ್ನು ಏರಿಸಬೇಕಾದರೆ ಮಾತ್ರ ಮತಕ್ಕೆ ಬರಲೇಬೇಕು.

ಹಾಗಾಗಿ ವಕೀಲರಿಗೆ ಫೀಸು ಕೊಡುವ ಮೊದಲು ಡಿಸ್ಟ್ರಿಕ್ಟ್ ಆಫೀಸಿಗೆ ನಾಲ್ಕು ಸಾಲು ಬರೆಯಿರಿ. ಈ ಚಾರ್ಜು ಶುರುವಾದ ವರ್ಷ ಯಾವುದು, ಕೊನೆಯ ಸಲ ಏರಿಸಿದ್ದು ಯಾವಾಗ ಅಂತ ಕೇಳಿ, ಎಂಜಿನಿಯರ್ ವರದಿಯ ಪ್ರತಿ ತರಿಸಿಕೊಳ್ಳಿ. ಅಲ್ಲಿಯವರೆಗೆ ಬಿಲ್ಲು ಕಟ್ಟುತ್ತಿರಿ. ಆಸ್ತಿ ತೆರಿಗೆಯ ಜೊತೆಗೇ ಸೇರಿರುವುದರಿಂದ, ತಡವಾದರೆ ದಂಡವೂ ಬೀಳುತ್ತದೆ.