ಹಾಫ್-ಲೈಫ್: ಮೊದಲನೇದು ಚಲೋನೋ ಎರಡನೇದೋ?

ಪ್ರಶ್ನೆ: ಸರ್, ಅಣ್ಣನ ಹಳೇ ಕಂಪ್ಯೂಟರ್‌ನ್ಯಾಗ ಹಾಫ್-ಲೈಫ್ ಗೇಮ್ ಮುಗಿಸೀನ್ರಿ. ಎರಡನೇದು ಆಡ್ಲೋ ಬ್ಯಾಡೋ? ದೋಸ್ತರು ಮೊದಲನೇದೇ ಚಲೋ ಅಂತಾರ.
– ಒಬ್ಬ ವಿದ್ಯಾರ್ಥಿ, ಕಲಬುರಗಿ

ಉತ್ತರ: ಆಡು ತಮ್ಮಾ, ಅದ್ರಾಗ ಕೇಳೋದೇನದ. 1998ರ ಮೊದಲನೇದ್ರಾಗ ಬ್ಲ್ಯಾಕ್ ಮೇಸಾ ಲ್ಯಾಬಿನ್ಯಾಗ ಸಿಕ್ಕೊಂಡು ಹೊರಗ ಬರೋದೇ ಕತಿ, ನಡುವ ಸಿನಿಮಾ ತೋರ್ಸಿ ನಿಲ್ಸಂಗಿಲ್ಲ, ಎಲ್ಲಾ ಹೀರೋ ಗಾರ್ಡನ್ ಫ್ರೀಮನ್ ಕಣ್ಣಿಂದನೇ ನಡೀತದ, ಆದ್ರ ಕೊನೀಗಿ ಝೆನ್ ಅನ್ನೋ ಅನ್ಯಲೋಕದಾಗ ಜಿಗಿದು ಜಿಗಿದು ನನಗಂತೂ ಬ್ಯಾಸರಾಗಿತ್ತು. 2004ರ ಎರಡನೇದ್ರಾಗ ಸಿಟಿ 17 ಅಂತ ಊರು, ಅಲ್ಲಿ ಅನ್ಯಲೋಕದವರ ದರ್ಬಾರು. ಖರೇ ಮಜಾ ಅಂದ್ರ ಗ್ರಾವಿಟಿ ಗನ್ ನೋಡು, ಗರಗಸದ ಚಕ್ರ, ಡ್ರಮ್ಮು, ಸಿಕ್ಕಿದ್ದೆಲ್ಲ ಎಳ್ದು ಎತ್ತಿ ವೈರಿ ಮ್ಯಾಲ ಒಗೀಬಹುದು, ಮತ್ತ ಸಾಮಾನಿಗಿ ತೂಕ ಅದ, ಹಲಗಿ ಒಂದು ತುದಿಗಿ ಕಲ್ಲು ಹೇರಿದ್ರ ಇನ್ನೊಂದು ತುದಿ ಏಳ್ತದ, ಹಂಗ ದಾರಿ ಮಾಡ್ಕೊಂಡು ಹತ್ತಬೇಕು, ಇಂಥಾದ್ದು ಮೊದಲಿಂದ್ರಾಗ ಎಲ್ಲಿತ್ತು? ಬೋಟ್ ಓಡ್ಸೋದು ಜರಾ ಉದ್ದ ಆತು ಅನ್ನಸ್ತದ. ರೇವನ್‌ಹೋಮ್ ಅನ್ನೋ ಹೆದರಿಕಿ ಊರಿನ ಭಾಗ ಮಾತ್ರ ರಾತ್ರಿ ಒಬ್ಬನೇ ಆಡಬ್ಯಾಡ (ನಾ ಆಡಿ ಲೈಟ್ ಹಚ್ಚೇ ಮಲಗಿದ್ದೆ). ಗಾರ್ಡನ್ ಎರಡ್ರಾಗೂ ಒಂದು ಮಾತು ಆಡಂಗಿಲ್ಲ. ದೋಸ್ತರ ಮಾತು ಪೂರಾ ಸುಳ್ಳಲ್ಲ, ಒಂಟಿಯಾಗಿ ಸಿಕ್ಕೊಂಡ ಆ ಹೆದರಿಕಿ ಮೊದಲಿಂದ್ರಾಗೇ ಜಾಸ್ತಿ, ಆದ್ರೂ ನನ್ನ ವೋಟು ಎರಡನೇದಕ್ಕೇ.