ಮುಷ್ಕರ ತಡೆಯಲು ಕಾನೂನಿದೆ, ಬಾಕಿ ಕೊಡಿಸಲು?

ಬ್ರಹ್ಮಾವರದ ಓದುಗರೊಬ್ಬರ ಪತ್ರ: "ಬಸ್ಸಿನವರು, ಬ್ಯಾಂಕಿನವರು, ಸರ್ಕಾರಿ ನೌಕರರು ಮನಸ್ಸು ಬಂದಾಗ ಮುಷ್ಕರ ಹೂಡುತ್ತಾರೆ. ಜನರ ದುಡ್ಡಲ್ಲಿ ಸಂಬಳ ಪಡೆಯುವವರಿಗೆ ಮುಷ್ಕರವನ್ನೇ ನಿಷೇಧಿಸಬಾರದೇಕೆ?"

ಸಂಪಾದಕರ ಉತ್ತರ:

ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ನೀವು ಕೇಳುವ ನಿಷೇಧ ಹೆಚ್ಚುಕಡಿಮೆ ಈಗಾಗಲೇ ಇದೆ. ಸಂಘ ಕಟ್ಟುವುದು ಮೂಲಭೂತ ಹಕ್ಕು, ಮುಷ್ಕರ ಅಲ್ಲ ಅಂತ ಸುಪ್ರೀಂ ಕೋರ್ಟ್ 1962ರಲ್ಲೇ ಹೇಳಿದೆ. 2003ರಲ್ಲಿ ತಮಿಳುನಾಡು ಸರ್ಕಾರ ಲಕ್ಷಕ್ಕೂ ಮಿಕ್ಕಿದ ನೌಕರರನ್ನು ಒಂದೇ ಏಟಿಗೆ ವಜಾ ಮಾಡಿತಲ್ಲ, ಆ ಪ್ರಕರಣದಲ್ಲಿ ಕೋರ್ಟ್ ಇನ್ನೂ ಮುಂದೆ ಹೋಗಿ, ಸರ್ಕಾರಿ ನೌಕರರಿಗೆ ಮುಷ್ಕರದ ನೈತಿಕ ಹಕ್ಕೂ ಇಲ್ಲ ಎಂದಿತು. ನಮ್ಮ ರಾಜ್ಯದಲ್ಲಿ ಎಸ್ಮಾ ಇದೆ, ಅಗತ್ಯ ಸೇವೆಗಳಲ್ಲಿ ಮುಷ್ಕರ ನಿಷೇಧಿಸಲು ಸರ್ಕಾರಕ್ಕೆ ಅಧಿಕಾರ ಕೊಡುವ 2013ರ ಕಾಯ್ದೆ, ಅದರಲ್ಲಿ ಜೈಲೂ ಇದೆ, ದಂಡವೂ ಇದೆ. ಬ್ಯಾಂಕಿನವರು 14 ದಿನ ಮೊದಲೇ ನೋಟಿಸ್ ಕೊಡಬೇಕು, ರಾಜಿ ಮಾತುಕತೆ ನಡೆಯುವಾಗ ಕೆಲಸ ನಿಲ್ಲಿಸುವಂತಿಲ್ಲ. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯ ಪ್ರಕಾರ ಅರ್ಧದಷ್ಟು ಜನ ಸೇರಿ ಒಂದೇ ದಿನ ಸಿಎಲ್ (ಸಾಂದರ್ಭಿಕ ರಜೆ) ಹಾಕಿದರೂ ಅದು ಮುಷ್ಕರವೇ. "ಮನಸ್ಸು ಬಂದಾಗ" ಅನ್ನುವ ಮಾತು ಹಾಗಾಗಿ ಸರಿಯಲ್ಲ.

ಈಗ ಇನ್ನೊಂದು ಬದಿ ನೋಡಿ. 2025ರ ಆಗಸ್ಟ್ 5ರಂದು ಕೆಎಸ್ಆರ್‌ಟಿಸಿಯವರು ಬಸ್ ನಿಲ್ಲಿಸಿದ್ದು ಯಾಕೆ? ಮುಖ್ಯವಾಗಿ 38 ತಿಂಗಳ ಹಿಂಬಾಕಿಗೆ. ಸಂಬಳ ಏರಬೇಕಿದ್ದದ್ದು 2020ರ ಜನವರಿಯಿಂದ, ಏರಿದ್ದು 2023ರ ಮಾರ್ಚ್‌ನಿಂದ, ನಡುವಿನ ದುಡ್ಡು ಆಗಲೂ ಬಂದಿರಲಿಲ್ಲ. ಮೂರು ವರ್ಷಕ್ಕೂ ಜಾಸ್ತಿ! ಮುಷ್ಕರವನ್ನು ಹೈಕೋರ್ಟ್ ಅದೇ ದಿನ ನಿಲ್ಲಿಸಿತು. ಬಾಕಿ ಉಳಿಸಿಕೊಂಡವರ ಮೇಲೆ ಎಸ್ಮಾ ಹಾಕಲು ಬರುವುದಿಲ್ಲ.

2023ರ ಮಾರ್ಚ್ 1 ನೆನಪಿದೆಯಾ? ರಾಜ್ಯ ಸರ್ಕಾರಿ ನೌಕರರು ಬೆಳಿಗ್ಗೆ ಕೆಲಸ ನಿಲ್ಲಿಸಿದರು, ಅದೇ ದಿನ ಶೇ. 17 ಮಧ್ಯಂತರ ಪರಿಹಾರ, ಅಂದರೆ ತಾತ್ಕಾಲಿಕ ಸಂಬಳ ಏರಿಕೆ, ಘೋಷಣೆಯಾಯಿತು. ತಿಂಗಳುಗಟ್ಟಲೆ ಮನವಿ ಕೊಟ್ಟಾಗ ಆಗದ್ದು ಕಚೇರಿಗೆ ಬಾಗಿಲು ಬಿದ್ದ ಕೂಡಲೇ ಆಯಿತು. ಹೀಗಿರುವಾಗ ಮುಷ್ಕರವೊಂದೇ ದಾರಿ ಅಂತ ನೌಕರರಿಗೆ ಕಲಿಸಿದ್ದು ಯಾರು?

ತೊಂದರೆ ಆಗುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ನಿಮಗೂ ನನಗೂ ಉಡುಪಿ–ಮಂಗಳೂರು ನಡುವೆ ಖಾಸಗಿ ಬಸ್ ಉಂಟು, ಸರ್ಕಾರಿ ಬಸ್ ನಿಂತರೆ ಅಷ್ಟೇನೂ ಗೊತ್ತಾಗುವುದಿಲ್ಲ. ಸುಳ್ಯದ ಒಳಗಿನ ಹಳ್ಳಿಯಿಂದ ಬೆಳಗ್ಗಿನ ಒಂದೇ ಬಸ್ಸಿಗೆ ಕಾಯುವ ಕಾಲೇಜು ಹುಡುಗಿಗೆ ಅವತ್ತಿನ ಕ್ಲಾಸ್ ತಪ್ಪಿತು ಅಂತಲೇ ಲೆಕ್ಕ. ಆಸ್ಪತ್ರೆಯ ತುರ್ತು ಚಿಕಿತ್ಸೆ, ಕುಡಿಯುವ ನೀರು, ಇವು ಒಂದು ಗಂಟೆಯೂ ನಿಲ್ಲಬಾರದು, ಅಲ್ಲಿ ನಿರ್ಬಂಧ ಬೇಕೇ ಬೇಕು.

ಆದರೆ ನಿರ್ಬಂಧ ಹಾಕುವವರು ಬದಲಿ ದಾರಿಯನ್ನೂ ಕೊಡಬೇಕಲ್ವಾ? ಕೇಂದ್ರ ನೌಕರರಿಗೆ 1966ರಿಂದಲೇ ಜಂಟಿ ಸಮಾಲೋಚನಾ ವ್ಯವಸ್ಥೆ ಇದೆ. ಸಂಬಳ, ಕೆಲಸದ ಅವಧಿ, ರಜೆಯಂಥ ವಿಷಯದಲ್ಲಿ ಮಾತುಕತೆ ಮುರಿದರೆ ಎರಡೂ ಕಡೆಯ ಮಾತು ಕೇಳಿ ತೀರ್ಪು ಕೊಡುವ ಮಧ್ಯಸ್ಥಿಕೆ ಮಂಡಳಿಗೆ ಹೋಗಬಹುದು. ನಮ್ಮ ಸಾರಿಗೆ ನೌಕರರಿಗೂ ಅಂಥದ್ದು ಬೇಕು, ಅದೂ ಗಡುವಿನ ಸಮೇತ. ಸಂಬಳ ಪರಿಷ್ಕರಣೆಯ ದಿನ ದಾಟಿ ಆರು ತಿಂಗಳಾದರೆ ವಿಷಯ ತಾನಾಗಿಯೇ ಮಂಡಳಿಗೆ ಹೋಗಬೇಕು, ತೀರ್ಪಿಗೆ ಸರ್ಕಾರವೂ ಬದ್ಧವಾಗಬೇಕು. ಅಷ್ಟು ಆದ ಮೇಲೆ ನೀವು ನಿಷೇಧ ಕೇಳಿ ಮನವಿ ಬರೆದರೆ ನಾನೂ ಸಹಿ ಹಾಕುತ್ತೇನೆ.